ಮಾವನವರ ಬಂದೂಕಿನ ಹಳೆಯ ಸ್ಪ್ರಿಂಗು

ನಮ್ಮ ಮಾವನವರು ಏರ್‌ಗನ್ನಿನಿಂದ ತೋಳ ಕೊಂದವರು. ಏರ್‌ಗನ್ ಕಾಣದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ನಳಿಗೆಯನ್ನು ಮುರಿಯುವವರಂತೆ ಕೆಳಕ್ಕೆ ಬಗ್ಗಿಸಿದರೆ ಒಳಗೊಂದು ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಬೆರಳಿನಿಂದ ಕುದುರೆ ಒತ್ತಿದರೆ ಸ್ಪ್ರಿಂಗು ಬಿಚ್ಚಿಕೊಂಡು ಗಾಳಿಯನ್ನು ನೂಕುತ್ತದೆ, ಗಾಳಿ ಒಂದು ಸಣ್ಣ ಸೀಸದ ಛರೆಯನ್ನು ನೂಕುತ್ತದೆ. ಗುಬ್ಬಿಗೆ ತಗುಲಿದರೆ ಗುಬ್ಬಿ ಸತ್ತೀತು. ತೋಳಕ್ಕೆ ತಗುಲಿದರೆ, ಯಾರದು ಎಂದು ತೋಳ ತಿರುಗಿ ನೋಡೀತು. ಆದರೆ ದಾವಣಗೆರೆಯ ಆ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪಡಸಾಲೆಯ ನಡುಗೋಡೆಗೆ ಎರಡು ಮೊಳೆ, ಮೊಳೆಗಳ ಮೇಲೆ ಬಂದೂಕು, ಬಂದೂಕಿನ ಕೆಳಗೆ ಮಾವನವರ ಕ್ಯಾನ್ವಾಸಿನ ಆರಾಮಕುರ್ಚಿ. ಆ ಕುರ್ಚಿಯಲ್ಲಿ ಅವರಲ್ಲದೆ ಬೇರೆ ಯಾರೂ ಕೂರುವಂತಿರಲಿಲ್ಲ. ಬಂದವರಿಗೆ ಎದುರಿನ ಬೆಂಚು. ಬೆಂಚಿನ ಮೇಲೆ ಕೂತವರ ಕಣ್ಣು ತಾನಾಗಿ ಬಂದೂಕಿನತ್ತ ಹೋಗುತ್ತಿತ್ತು. ಹೋದದ್ದೇ ತಡ, ಮಾವನವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಅವರು ಹತ್ತಿ ಬಿಡಿಸುವ ಜಿನ್ನೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಲ್ಲಿನ ಇಂಗ್ಲಿಷ್ ಇಂಜಿನಿಯರು ದೇಶ ಬಿಟ್ಟು ಹೋಗುವಾಗ, ಇದಕ್ಕೆ ತಕ್ಕವನು ನೀನೊಬ್ಬನೇ ಎಂದು ಕಣ್ಣೀರು ಹಾಕಿ ಆ ಬಂದೂಕು ಕೊಟ್ಟನಂತೆ. ಮರುವಾರವೇ ಕೊಂಡಜ್ಜಿ ಕೆರೆಯ ಏರಿಯ ಮೇಲೆ ತೋಳ ಎದುರಾಯಿತಂತೆ. ಮಾವನವರ ಬೆನ್ನ ಹಿಂದೆ ಕೆರೆಯ ಬಳಿಯ ಸ್ಕೌಟು ಶಿಬಿರಕ್ಕೆ ಬಂದಿದ್ದ ಹುಡುಗರು, ಮುಂದೆ ತೋಳ. ಒಂದೇ ಏಟು, ಎರಡು ಕಣ್ಣಿನ ನಡುವೆ. ನಾನು ಮದುವೆಯಾದ ಹೊಸದರಲ್ಲಿ ಆ ಹುಡುಗರು ನಾಲ್ಕು ಜನ ಇದ್ದರು. ಮೂರನೆಯ ವರ್ಷಕ್ಕೆ ಇಡೀ ಶಿಬಿರವೇ ಮಾವನವರ ಬೆನ್ನ ಹಿಂದೆ ಬಂದು ನಿಂತಿತ್ತು.

ನಾನು ಆಗ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕೂದಲೆಳೆಯ ಅಳತೆಗೆ ಅರ ಹಿಡಿಯುವ ಕೈ ನನ್ನದೆಂದು ನನಗೆ ಸಾಕಷ್ಟು ಜಂಬವಿತ್ತು. ಮಾವನವರು ಮಾತ್ರ ಬಂದ ನೆಂಟರಿಗೆ ನನ್ನನ್ನು ಪರಿಚಯಿಸುತ್ತಿದ್ದುದು ಒಂದೇ ರೀತಿ: "ಇವ್ರು ನಮ್ಮ ಅಳಿಯಂದ್ರು. ಹರಿಹರದಾಗ ಸ್ಕ್ರೂ ತಿರುವ್ತಾರೆ." ಆ ಮನೆಯ ಹೊಲಿಗೆ ಮಷೀನು ನಾನು ಸರಿಮಾಡಿದ್ದು. ಸ್ಟವ್ ಸರಿಮಾಡಿದ್ದು, ಬಾವಿಯ ಗಡಗಡೆ ಸದ್ದಡಗಿಸಿದ್ದು ನಾನು. ಒಂದು ಸಲವಾದರೂ 'ಭೇಷ್' ಎಂಬ ಎರಡಕ್ಷರ ಅವರ ಬಾಯಿಂದ ಬೀಳಲಿಲ್ಲ. ಇಸ್ಪೀಟಿನಲ್ಲಿ ಎಲೆ ಸರಿಯಾಗಿ ಇಳಿಸಿದ ಪಕ್ಕದ ಮನೆಯವನಿಗೆ ಭೇಷ್, ಮೆಣಸಿನಕಾಯಿ ಬಜ್ಜಿ ಕರಿದವನಿಗೆ ಭೇಷ್, ನನಗೆ ಮಾತ್ರ "ಹೂಂ, ತಿರುಗ್ತೈತೆ ಬಿಡ್ರಿ". ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಭೇಷ್ ಒಂದನ್ನು ಹೇಗಾದರೂ ಮಾಡಿ ಪಡೆಯಲೇಬೇಕೆಂಬ ಹಟ ಹಿಡಿದಿತ್ತು. ಅದಕ್ಕೆ ಇದ್ದ ದಾರಿ ಬಂದೂಕೊಂದೇ.

ಮೂರು ಸಲ ಕೇಳಿದೆ. ಬಿಚ್ಚಿ, ತೊಳೆದು, ಹೊಸದರಂತೆ ಮಾಡಿ ಕೊಡುತ್ತೇನೆ ಎಂದೆ. ಮೂರು ಸಲವೂ "ಬ್ಯಾಡ್ರಿ ಅಳಿಯಂದ್ರೆ. ಅದು ಹೆಂಗೈತೋ ಹಂಗಿರ್ಲಿ. ವಿಲಾಯ್ತಿ ಮಾಲು, ನಿಮ್ಮ ಕೈಗೆ ಬಗ್ಗಂಗಿಲ್ಲ" ಎಂದರು. ನನ್ನ ಕೈಯ ಮೇಲೆ ಅವರಿಗೆ ನಂಬಿಕೆಯಿಲ್ಲ ಎಂದು ನಾನು ತಿಳಿದೆ. ಆ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು.

ದಸರೆಗೆ ಮುಂಚೆ ಮನೆಗೆ ಸುಣ್ಣ ಬಳಿಯುವ ಹೊತ್ತಿನಲ್ಲಿ ಮಾವನವರು ಮಾಯಕೊಂಡದಲ್ಲಿ ನೆಂಟರ ಪಾಲು ಪಂಚಾಯ್ತಿಗೆಂದು ಹೋದರು. ಊರಿನ ನ್ಯಾಯ ತೀರಿಸುವುದೆಂದರೆ ಅವರಿಗೆ ಹೋಳಿಗೆ ಊಟ. ಮೂರು ದಿನ ಬರುವವರಲ್ಲ. ಅತ್ತೆ ಸುಣ್ಣದ ಬಕೆಟ್ಟಿನ ಪಕ್ಕದಲ್ಲಿ ನಿಂತು ಬಂದೂಕನ್ನು ಮೊಳೆಯಿಂದ ಇಳಿಸಿ, ಹಸುಗೂಸು ಕೊಡುವಂತೆ ನನ್ನ ಕೈಗೆ ಕೊಟ್ಟರು.

"ಎಲ್ಲಿ ಇಡ್ಲಿ ಇದನ್ನ? ಒಯ್ದು ಏನ್ ಮಾಡ್ತೀರೋ ಮಾಡ್ರಿ. ಆಯುಧ ಪೂಜೆ ಹೊತ್ತಿಗೆ ಮೊಳೆ ಮ್ಯಾಲೆ ಇದ್ರಾತು."

ಹಳೆಯ ಜಮಖಾನದಲ್ಲಿ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಗಂಟನ್ನು ಮುಟ್ಟಿ ನೋಡಿ "ತಂಬೂರಿ ಏನ್ರಿ?" ಎಂದರು. ಹೌದೆಂದೆ. "ಒಂದು ಪದ ಹೇಳ್ರಿ ಮತ್ತೆ, ಹರಿಹರ ಬರೋತನ್ಕ" ಎಂದರು. ಗಂಟಲು ಕಟ್ಟಿದೆ ಎಂದು ಹೇಳಿ, ಅದಕ್ಕೆ ಸರಿಯಾಗಿ ಹರಿಹರದವರೆಗೆ ಕೆಮ್ಮುತ್ತಾ ಕೂತೆ.

ಮನೆಗೆ ಬಂದು ಗಂಟು ಬಿಚ್ಚಿ ಬೆಳಕಿನಲ್ಲಿ ನೋಡಿದಾಗ ಮೊದಲು ಕಂಡದ್ದು ಬಣ್ಣ. ನಮ್ಮ ಮದುವೆಗೆಂದು ಆ ಮನೆಯ ಬಾಗಿಲು ಕಿಟಕಿಗೆ ಬಳಿಸಿದ ಚಾಕಲೇಟು ಬಣ್ಣದ ಪೇಂಟು ಮಿಕ್ಕಿತ್ತೆಂದು ಕಾಣುತ್ತದೆ, ಮಾವನವರು ಅದನ್ನೇ ಬಂದೂಕಿನ ಮರಕ್ಕೂ ಎರಡು ಸಲ ಬಳಿದಿದ್ದರು. ಒಂದು ಕಡೆ ಬ್ರಷ್ಷಿನ ಕೂದಲು ಹಾಗೇ ಅಂಟಿಕೊಂಡಿತ್ತು. ವಿಲಾಯ್ತಿ ಮಾಲಿಗೆ ಅವರ ಹಿತ್ತಲ ಬಾಗಿಲಿನ ಬಣ್ಣ! ಒಡೆದ ಗಾಜಿನ ಚೂರು ತೆಗೆದುಕೊಂಡು ಹೆರೆಯುತ್ತಾ ಕೂತೆ. ಪೇಂಟಿನ ಕೆಳಗೆ ಹಳೆಯ ವಾರ್ನಿಷು, ಅದರ ಕೆಳಗೆ ಅಕ್ರೋಟಿನ ಮರ, ಕಾಫಿಯ ಬಣ್ಣ, ಒಳಗೆ ಕಪ್ಪು ಎಳೆಗಳು. ನಿಜಕ್ಕೂ ಚೆಂದದ ಮರ. ಅದನ್ನು ಕಂಡಾಗ ಮಾವನವರ ಮೇಲಿನ ಸಿಟ್ಟು ಒಂದು ಗಳಿಗೆ ಮರೆತೇಹೋಯಿತು.

ಇನ್ನು ಒಳಗಿನ ಕೆಲಸ. ಈ ಜಾತಿಯ ಬಂದೂಕು ಬಿಚ್ಚುವಾಗ ಎಚ್ಚರ ಬೇಕು. ಹಿಂಬದಿಯ ಬಿರಡೆಯ ಹಿಂದೆ ಸ್ಪ್ರಿಂಗು ಅದುಮಿಕೊಂಡು ಕೂತಿರುತ್ತದೆ; ಬಿರಡೆಯ ಕೊನೆಯ ಸುತ್ತು ಬಿಚ್ಚಿದ ಕೂಡಲೇ ಹಾರಿ ಬಂದು ಹಲ್ಲು ಉದುರಿಸಬಲ್ಲದು. ಕಾರ್ಖಾನೆಯಲ್ಲಿ ಕಲಿತ ಎಚ್ಚರವನ್ನೆಲ್ಲ ಮನೆಗೆ ತಂದೆ. ಹೆಂಡತಿಯನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿಕೊಳ್ಳಲು ಹೇಳಿದೆ. ಗೋಡೆಗೆ ಕೌದಿ ಕಟ್ಟಿದೆ. ಸ್ಪ್ರಿಂಗು ಕೂರುವ ಕೊಳವೆಯನ್ನು ವೈಸಿನ ಹಿಡಿತಕ್ಕೆ ಬಿಗಿದು, ಬಿರಡೆಗೆ ಮರದ ದಿಮ್ಮಿ ಕೊಟ್ಟು, ದಿಮ್ಮಿಗೆ ನನ್ನ ಎದೆ ಕೊಟ್ಟು, ಮುಖ ಒಂದು ಕಡೆ ತಿರುಗಿಸಿ, ಹಲ್ಲು ಕಚ್ಚಿ ಒಂದೊಂದೇ ಸುತ್ತು ಬಿಚ್ಚಿದೆ. ಕೊನೆಯ ಸುತ್ತು ಬಂತು.

ಬಿರಡೆ ಕಳಚಿ ನನ್ನ ಮಡಿಲಲ್ಲಿ ಬಿತ್ತು, ಅಷ್ಟೇ.

ಕೊಳವೆಯೊಳಗೆ ಬೆರಳು ಹಾಕಿದೆ. ಕಂದು ಬಣ್ಣದ ಅಂಟು. ಆಗ ನೆನಪಾಯಿತು: ನಮ್ಮ ಅತ್ತೆ ಪ್ರತಿವರ್ಷ ಆಯುಧ ಪೂಜೆಯ ದಿನ ಮನೆಯ ಕಬ್ಬಿಣಕ್ಕೆಲ್ಲ ಒಂದೊಂದು ಚಮಚ ಹರಳೆಣ್ಣೆ ಹಾಕುತ್ತಿದ್ದರು. ಹೊಲಿಗೆ ಮಷೀನಿಗೆ, ಬಾಗಿಲ ತಿರುಗಣಿಗೆ, ಈಳಿಗೆಮಣೆಗೆ, ಹಾಗೇ ಬಂದೂಕಿನ ಬಾಯಿಗೂ. ವರ್ಷಕ್ಕೊಂದು ಚಮಚದಂತೆ ಅದು ಕುಡಿದ ಎಣ್ಣೆ ಒಳಗೆ ಬೆಲ್ಲದ ಪಾಕವಾಗಿ, ಪಾಕ ಅರಗಾಗಿ, ಗಾಳಿ ನೂಕುವ ಪಿಸ್ಟನ್ನನ್ನು ಅಲುಗಾಡದಂತೆ ಹಿಡಿದುಕೊಂಡಿತ್ತು. ಎರಡು ಇರುವೆ ಸಹ ಸಿಕ್ಕವು. ಕುಂಕುಮ ಸಿಕ್ಕಿತು. ಸ್ಪ್ರಿಂಗು ಮಾತ್ರ ಸಿಗಲಿಲ್ಲ. ಮುರಿದ ಚೂರಿಲ್ಲ, ತುಕ್ಕಿನ ಪುಡಿಯಿಲ್ಲ, ಉಜ್ಜಿದ ಗೆರೆಯಿಲ್ಲ. ಸ್ಪ್ರಿಂಗು ಅದರಲ್ಲಿ ಇರಲೇ ಇಲ್ಲ.

ಹೆಂಡತಿ ಬಾಗಿಲು ತೆರೆದು ಇಣುಕಿದಳು. ಹೇಳಿದೆ. ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ಒಳಗೆ ಬಂದು ಪಕ್ಕದಲ್ಲಿ ಕೂತಳು. "ನಿಮಗೆ ಗೊತ್ತಾತು ಅಂತ ಅಪ್ಪಗೆ ಹೇಳಬ್ಯಾಡ್ರಿ" ಎಂದಳು. ನಾನು ಮಾತು ಕೊಡಲಿಲ್ಲ.

ಯಾರಾದರೂ ನಡುವೆ ಕದ್ದಿರಬಹುದು ಎಂಬ ಒಂದು ಅನುಮಾನ ಉಳಿದಿತ್ತು. ಅದೂ ಮರುದಿನ ಹೋಯಿತು. ದಾವಣಗೆರೆಯ ಪೇಟೆಯ ಸಂದಿಯಲ್ಲಿ ಬೀಗ, ಟಾರ್ಚು, ಸ್ಟವ್ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಹಳೆಯ ಬಂದೂಕಿನ ಸಾಮಾನೂ ಅವರಲ್ಲಿ ಸಿಗುತ್ತಿತ್ತು. ಸ್ಪ್ರಿಂಗು ಕೇಳೋಣವೆಂದು ಕೊಳವೆಯನ್ನು ಒಯ್ದೆ. ಅವರು ಅದನ್ನು ತಿರುಗಿಸಿ, ಕೈಯಿಂದ ಅರ ಹಾಕಿ ಮಾಡಿದ ಒಂದು ಹಿತ್ತಾಳೆ ಸ್ಕ್ರೂ ಕಂಡು ಕನ್ನಡಕ ಏರಿಸಿದರು.

"ಅರೆ! ಈ ಸ್ಕ್ರೂ ನಮ್ಮ ಅಬ್ಬಾ ಮಾಡಿದ್ದು. ಈ ಅಂಗಡಿಯಾಗೇ ಮಾರಿದ್ದು ಇದನ್ನ. ಜಿನ್ನಿನ ಗುಮಾಸ್ತ್ರು ಒಬ್ರು ತಗಂಡ್ರು."

"ಸ್ಪ್ರಿಂಗ್ ಇತ್ತೇನ್ರಿ ಆಗ?"

"ಎಲ್ಲೀ ಸ್ಪ್ರಿಂಗು? ಇರ್ಲೇ ಇಲ್ಲ. ಜನಾಬ್, ಇದು ಹೊಡಿಯಂಗಿಲ್ಲ ಅಂತ ಅಬ್ಬಾ ಸಾಫ್ ಹೇಳಿದ್ರು. ಹೊಡಿಯಾಕಲ್ಲ, ಗ್ವಾಡಿಗೆ ಹಾಕಾಕೆ ಅಂದ್ರು ಅವ್ರು."

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹರಿಹರದ ತನಕ ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದೆ. ಇಂಗ್ಲಿಷ್ ಇಂಜಿನಿಯರು ಹೋದ, ಅವನ ಕಣ್ಣೀರು ಹೋಯಿತು, ತೋಳ ಹೋಯಿತು, ಇಡೀ ಶಿಬಿರ ಗಂಟುಮೂಟೆ ಕಟ್ಟಿತು. ಆಯುಧ ಪೂಜೆಯ ದಿನ ಪಡಸಾಲೆ ತುಂಬ ಜನರಿರುವಾಗ ಬೆಂಚಿನಿಂದ ಎದ್ದು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಒಪ್ಪ ಮಾಡತೊಡಗಿದೆ.

ಆ ಭಾನುವಾರ ಮಾವನವರೇ ಹರಿಹರಕ್ಕೆ ಬಂದರು. ನಮ್ಮ ಬಾಡಿಗೆ ಮನೆಗೆ ಅವರು ಹಾಗೆ ಹೇಳದೆ ಕೇಳದೆ ಬಂದದ್ದು ಅದೇ ಮೊದಲು. ಮಗಳು ಕೊಟ್ಟ ಚಹಾವನ್ನು ಲೋಟದ ಕೆಳಗಿನ ಬಸಿಗೆ ಬಗ್ಗಿಸಿಕೊಂಡರು, ಕುಡಿಯಲಿಲ್ಲ. ಮೂಲೆಯಲ್ಲಿ ಬಿಡಿ ಬಿಡಿಯಾಗಿ ಬಿದ್ದಿದ್ದ ಬಂದೂಕಿನ ಕಡೆ ನೋಡಿದರು.

"ಬಿಚ್ಚಿದ್ರೇನು?"

"ಬಿಚ್ಚಿದೆ ಮಾವಾರೆ."

"ಒಳಗೆ ಹೆಂಗೈತೆ?"

ಒಪ್ಪ ಮಾಡಿಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಸಿಯಲ್ಲಿ ಚಹಾ ಅಲುಗುತ್ತಿತ್ತು. ಆ ದೊಡ್ಡ ಮೀಸೆಯ ಮನುಷ್ಯನ ಕೈ ನಡುಗುತ್ತಿದೆ, ಅದೂ ನನ್ನ ಮುಂದೆ, ಸ್ಕ್ರೂ ತಿರುಗಿಸುವವನ ಮುಂದೆ. ನನಗೆ ಗೆದ್ದ ಸುಖ ಆಗಬೇಕಿತ್ತು, ಆಗಲಿಲ್ಲ, ನಾಚಿಕೆಯಾಯಿತು. ಅವರು ಬಂದೂಕು ಕೊಡದೆ ಕಾಯ್ದದ್ದು ನನ್ನ ಕೈಗೆ ಹೆದರಿಯಲ್ಲ, ನನ್ನ ಕಣ್ಣಿಗೆ ಹೆದರಿ ಎಂದು ಆಗ ತಿಳಿಯಿತು.

"ಸ್ಪ್ರಿಂಗು ಸವೆದೈತೆ ಮಾವಾರೆ. ಹೊಸದು ಹಾಕ್ಬೇಕು" ಎಂದೆ.

ಅವರು ಬಸಿಯ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. "ಹೂಂ. ಭಾಳ ವರ್ಷ ಆತಲ್ಲ" ಎಂದು ಮೀಸೆ ಒರೆಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, ಹೊಸ ಸ್ಪ್ರಿಂಗು ಗಟ್ಟಿಯಾಗಿರಬೇಕೆಂದು ನನಗೆ ಬುದ್ಧಿಮಾತನ್ನೂ ಹೇಳಿದರು. ಒಂದು ಲೋಟ ಚಹಾ ಮುಗಿಯುವುದರೊಳಗೆ ಮನುಷ್ಯ ಪೂರ್ತಿ ಮೊದಲಿನಂತಾಗಿದ್ದ.

ಆಮೇಲೆ ಎರಡು ವಾರ ನಾನು ಮಾಡಿದ ಕೆಲಸವನ್ನು ನಾನೇ ಹೊಗಳಿಕೊಳ್ಳಬೇಕು, ಬೇರೆ ಯಾರೂ ಹೊಗಳಿಲ್ಲ. ಮರಕ್ಕೆ ಬಿದ್ದ ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟೆ. ಆವಿ ಕುಡಿದು ಮರ ಮೇಲೆದ್ದಿತು. ಉಪ್ಪುಕಾಗದದಲ್ಲಿ ತಿಕ್ಕಿ, ದಿನಾ ಸಂಜೆ ಅಗಸೆ ಎಣ್ಣೆಯನ್ನು ಅಂಗೈ ಬಿಸಿಯಾಗುವ ತನಕ ಉಜ್ಜಿದೆ. ಮನೆಯೆಲ್ಲ ಎಮ್ಮೆಯ ಹಿಂಡಿಯ ವಾಸನೆ ಹೊಡೆಯುತ್ತಿದೆ ಎಂದು ಹೆಂಡತಿ ಮೂಗು ಮುರಿದಳು. ಹೊಳೆಯಿಂದ ಮರಳು ತಂದು, ಇದ್ದಿಲ ಒಲೆಯ ಮೇಲೆ ತಗಡಿನಲ್ಲಿ ಕಾಯಿಸಿ, ಉಜ್ಜಿ ಬೆಳ್ಳಗಾಗಿಸಿದ ನಳಿಗೆಯನ್ನು ಅದರಲ್ಲಿ ಹೂತೆ. ಕಾದ ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ನೇರಳೆಗೆ, ಆಮೇಲೆ ಕಡುನೀಲಿಗೆ ತಿರುಗಿತು. ಆ ನೀಲಿ ಬಂದ ಕ್ಷಣದಲ್ಲೇ ತೆಗೆದು ಎಣ್ಣೆಗೆ ಅದ್ದಿದೆ. ಎಮ್ಮೆ ಚರ್ಮ ನೆನೆಸಿ ಬಟ್ಟಲಿನಂತೆ ಒತ್ತಿ ಪಿಸ್ಟನ್ನಿಗೆ ವಾಷರು ಮಾಡಿದೆ. ಕೊನೆಗೆ ಸ್ಪ್ರಿಂಗು. ಪರಿಚಯದವರ ಲೇತಿನಲ್ಲಿ ಉಕ್ಕಿನ ತಂತಿ ಸುತ್ತಿ, ಕಾಯಿಸಿ, ಆರಿಸಿ, ಎಂಟು ಸಲ ಅದುಮಿ ನೋಡಿದೆ. ಹಿತ್ತಲಲ್ಲಿ ತಗಡಿಗೆ ಹೊಡೆದರೆ ಟಪ್ ಎಂದು ಛರೆ ನಾಟುತ್ತಿತ್ತು. ಈ ಸ್ಪ್ರಿಂಗು ಮೊಮ್ಮಕ್ಕಳ ಕಾಲಕ್ಕೂ ಮುರಿಯುವುದಿಲ್ಲ ಎಂದು ಅತ್ತೆಯ ಮನೆಯಲ್ಲಿ ಎಲ್ಲರ ಮುಂದೆ ಸಾರಿಬಿಟ್ಟೆ. ಜಂಬ ಎಂದೆನಲ್ಲ.

ಆಯುಧ ಪೂಜೆಯ ದಿನ ಪಡಸಾಲೆ ತುಂಬಿತ್ತು. ಬಂದೂಕು ಹೊಲಿಗೆ ಮಷೀನಿನ ಪಕ್ಕ ಮಣೆಯ ಮೇಲೆ ಮಲಗಿತ್ತು, ಚೆಂಡುಹೂವಿನ ಸರ ಹಾಕಿಕೊಂಡು. ನೋಡಿದವರೆಲ್ಲ ಬಾಯಿ ಬಿಟ್ಟರು. ಮಾವನವರು ಮರದ ಮೇಲೆ ಒಮ್ಮೆ ಕೈಯಾಡಿಸಿದರು. ಬಂತು, ಭೇಷ್ ಬಂತು ಎಂದು ನಾನು ಕಾದೆ. "ಬಣ್ಣ ಹೋಗೇತಲ್ರಿ" ಎಂದರು.

ಪೂಜೆಯಾದ ಮೇಲೆ ಯಾರೋ "ಒಂದೇಟು ಹೊಡೀರಿ, ನೋಡಾಣ" ಎಂದರು. ಹಿತ್ತಲ ಗೋಡೆಯ ಮೇಲೆ ನಿಂಬೆಹಣ್ಣು ಇಟ್ಟಾಯಿತು. ಮಾವನವರು ಮೊಟ್ಟಮೊದಲ ಸಲ ಆ ಬಂದೂಕು ಬಗ್ಗಿಸಲು ಹೋಗಿ ಆಗದೆ ನನ್ನ ಕೈಗೆ ಕೊಟ್ಟರು. ನಾನು ಬಗ್ಗಿಸಿ, ಛರೆ ಇಟ್ಟು, ಮರಳಿ ಕೊಟ್ಟೆ. ಅವರು ಭುಜಕ್ಕೆ ಆನಿಸಿದರು, ಎರಡೂ ಕಣ್ಣು ಮುಚ್ಚಿದರು, ಕುದುರೆ ಒತ್ತಿದರು.

ಢಂ!

ಅದು ಟಪ್ ಎನ್ನಬೇಕಿತ್ತು. ಹಿತ್ತಲು ತುಂಬ ನೀಲಿ ಹೊಗೆ. ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ನಿಂಬೆಹಣ್ಣು ಇದ್ದಲ್ಲೇ ಇತ್ತು. ಅದರಿಂದ ಮಾರು ದೂರದಲ್ಲಿ ಪಕ್ಕದ ಮನೆಯವರ ತಗಡಿನ ಡ್ರಮ್ಮಿನಿಂದ ನೀರು ಚಿಲ್ಲನೆ ಹಾರುತ್ತಿತ್ತು. ಹೊಗೆಯ ವಾಸನೆ ಮೂಗಿಗೆ ಬಡಿದಾಗ ನನಗೆ ಅರ್ಥವಾಯಿತು. ಹರಳೆಣ್ಣೆ. ಅತ್ತೆ ಪದ್ಧತಿಯಂತೆ ಬೆಳಗ್ಗೆ ನಳಿಗೆಯ ಬಾಯಿಗೆ ಒಂದು ಚಮಚ ಹಾಕಿದ್ದರು, ಅದು ಇಳಿದು ಒಳಗೆ ಸೇರಿತ್ತು. ನಾನು ಮಾಡಿದ ವಾಷರು ಗಾಳಿಯನ್ನು ಎಷ್ಟು ಬಿಗಿಯಾಗಿ ಅದುಮಿತೆಂದರೆ, ಆ ಬಿಸಿಗೆ ಎಣ್ಣೆ ಹತ್ತಿಕೊಂಡು ಸಿಡಿಯಿತು. ಡೀಸೆಲ್ ಇಂಜಿನ್ನು ಉರಿಯುವುದು ಹೀಗೆಯೇ. ಮೂವತ್ತು ವರ್ಷ ಏನೂ ಮಾಡದ ಚಮಚ, ನನ್ನ ಕೈಗುಣದಿಂದ ಅವತ್ತು ಮದ್ದಾಗಿತ್ತು.

ಹೊಗೆಯೊಳಗಿಂದ ಮಾವನವರ ದನಿ ಬಂತು. "ಈಗ ಗೊತ್ತಾತೇನು, ತೋಳ ಹೆಂಗೆ ಸತ್ತಿತ್ತು ಅಂತ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಂದು ಏಟಿಗೆ ನಳಿಗೆ ಬಗ್ಗಿಸಿದರೆ ಅದು ಮುರಿದ ತೋಳಿನಂತೆ ಜೋತಾಡಿತು. ಅಲ್ಲೇ ಬಿಚ್ಚಿದೆ. ಮೊಮ್ಮಕ್ಕಳ ಕಾಲದ ನನ್ನ ಸ್ಪ್ರಿಂಗು ಮೂರು ತುಂಡಾಗಿ ಅಂಗೈ ಮೇಲೆ ಬಿತ್ತು. ಮಾವನವರು ಒಂದು ತುಂಡನ್ನು ಎರಡು ಬೆರಳಲ್ಲಿ ಹಿಡಿದು ಜನರಿಗೆಲ್ಲ ಕಾಣುವಂತೆ ಎತ್ತಿದರು.

"ಹಳೇ ಸ್ಪ್ರಿಂಗು ಮೂವತ್ತು ವರ್ಷ ಬಾಳಿತ್ತು. ನಮ್ಮ ಅಳಿಯಂದ್ರು ಮಾಡಿದ್ದು ಒಂದೇಟಿಗೆ ಮೂರು ತುಂಡಾತು ನೋಡ್ರಿ."

ನಗೆಯೋ ನಗೆ. ಬಾಗಿಲ ಬಳಿ ನಿಂತಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ನಗುತ್ತಿರಲಿಲ್ಲ. ಇಲ್ಲದ ಸ್ಪ್ರಿಂಗು ಮುರಿಯುವುದಿಲ್ಲ ಎಂದು ಕೂಗಿ ಹೇಳಬಹುದಿತ್ತು. ಆದರೆ ಆ ಹಳೆಯ ಸ್ಪ್ರಿಂಗನ್ನು ಅವರಿಗೆ ಕೊಟ್ಟವನು ನಾನೇ, ಒಂದು ಬಸಿ ಚಹಾದ ಮುಂದೆ. ತುಂಡುಗಳನ್ನು ಜೇಬಿಗೆ ಹಾಕಿಕೊಂಡೆ. ಬಂದೂಕು ಸ್ಪ್ರಿಂಗಿಲ್ಲದೆ ತನ್ನ ಮೊಳೆಗೆ ಹೋಯಿತು.

ಆಮೇಲಿನ ಏಳೆಂಟು ವರ್ಷ ಅತ್ತೆಯ ಮನೆಗೆ ಬಂದ ಒಬ್ಬೊಬ್ಬ ನೆಂಟನಿಗೂ ತೋಳದ ಜೊತೆಗೆ ನನ್ನ ಸ್ಪ್ರಿಂಗಿನ ಕತೆಯೂ ಸಿಗುತ್ತಿತ್ತು. ಮಾವನವರ ಬಾಯಲ್ಲಿ ತುಂಡುಗಳು ಮೂರರಿಂದ ಏಳಾದವು. ಒಂದೆರಡು ಸಲ ಅವರ ಕಣ್ಣನ್ನೇ ನೇರವಾಗಿ ನೋಡಿದೆ, ಒಂದಿಷ್ಟಾದರೂ ಅಳುಕಿದೆಯೇ ಎಂದು. ಇರಲಿಲ್ಲ. ಆ ಹೊತ್ತಿಗೆ ಹಳೆಯ ಸ್ಪ್ರಿಂಗು ಇತ್ತೆಂದು ಅವರೇ ನಂಬಿದ್ದಾರೆ ಎಂದುಕೊಂಡೆ.

ಎಂಬತ್ತರ ದಶಕದ ನಡುವೆ ಕಿರಿಯ ನಾದಿನಿಯ ಮದುವೆಯಾಯಿತು. ಹುಡುಗ ಭಾನುವಳ್ಳಿಯವನು, ಇಂಜಿನಿಯರಿಂಗ್ ಪಾಸಾದವನು, ಎಲ್ಲದಕ್ಕೂ ಲೆಕ್ಕ ಹಾಕುವವನು. ಬೆಂಚಿನ ಮೇಲೆ ನನ್ನ ಪಕ್ಕ ಕೂತು ತೋಳದ ಕತೆ ಪೂರ್ತಿ ಕೇಳಿ ಕಿಸಕ್ಕನೆ ನಕ್ಕ.

"ಏರ್‌ಗನ್ನಾಗೆ ತೋಳ ಸಾಯಂಗಿಲ್ಲ ಮಾವಾರೆ. ಆ ಸ್ಪ್ರಿಂಗಿನ ಶಕ್ತಿ ಎಷ್ಟಂತ ಲೆಕ್ಕ ಮಾಡಿದ್ರೆ ಗೊತ್ತಾಗ್ತೈತೆ. ತಡೀರಿ, ಬಿಚ್ಚೇ ನೋಡ್ತೀನಿ" ಎಂದು ಎದ್ದು ಗೋಡೆಗೆ ಕೈ ಚಾಚಿದ.

ಮಾವನವರು ಆಗ ಸೊರಗಿದ್ದರು, ಮೀಸೆ ಬೆಳ್ಳಗಾಗಿ ಇಳಿಬಿದ್ದಿತ್ತು. ಅವರು ಹುಡುಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಹರಿಹರದಲ್ಲಿ ಬಸಿ ಹಿಡಿದಿದ್ದ ದಿನದ ಅದೇ ನೋಟ. ಹಾಗಾದರೆ ಮರೆತಿರಲಿಲ್ಲ.

"ಮುಟ್ಟಬ್ಯಾಡ್ರಿ ಅದನ್ನ" ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಲೆಕ್ಕ ಮಾಡಾಕೆ ಒಳಗೆ ಆ ಸ್ಪ್ರಿಂಗು ಈಗಿಲ್ಲ. ಅದರ ಜೋರೇ ಬ್ಯಾರೆ. ನಾನೇ ಹಾಳು ಮಾಡಿದ್ದು."

ಹುಡುಗ ಕೈ ಇಳಿಸಿದ. ಹಾಳು ಮಾಡಿದ ಫಿಟ್ಟರನನ್ನು ಇಂಜಿನಿಯರು ನೋಡುವಂತೆ ನನ್ನನ್ನು ನೋಡಿದ.

ಮಾವನವರು ಎರಡೂ ಕೈ ಊರಿ ಆರಾಮಕುರ್ಚಿಯಿಂದ ಎದ್ದರು. "ಬರ್ರಿ, ಇಲ್ಲಿ ಕೂಡ್ರಿ" ಎಂದರು, ನನಗೆ. "ನಂಗೆ ಉಸಿರು ಸಾಲಂಗಿಲ್ಲ ಈಗ. ಇವ್ರಿಗೆ ಸರಿಯಾಗಿ ತಿಳಿದಿಲ್ಲ. ತೋಳದ್ದು ನೀವೇ ಇನ್ನೊಂದ್ಸಲ ಹೇಳ್ರಿ." ಹೇಳಿ, ಹೋಗಿ ಬೆಂಚಿನ ಮೇಲೆ ಕೂತರು.

ಕುರ್ಚಿಯ ಕ್ಯಾನ್ವಾಸು ಅವರ ಬೆನ್ನಿನ ಆಕಾರಕ್ಕೆ ಜೋತಿತ್ತು. ಕೂತ ಮೇಲೆ ಒಂದು ಸಂಗತಿ ಗೊತ್ತಾಯಿತು: ಅಲ್ಲಿಂದ ಬಂದೂಕು ಕಾಣುವುದಿಲ್ಲ. ಅದನ್ನು ನೋಡುತ್ತಾ ಕೂತವರ ಮುಖಗಳಷ್ಟೇ ಕಾಣುತ್ತವೆ. ನಾನು ಗಂಟಲು ಸರಿಮಾಡಿಕೊಂಡೆ. ಕೊಂಡಜ್ಜಿ ಕೆರೆಯ ಏರಿಯಿಂದ ಶುರುಮಾಡಿದೆ. ಹೇಳುತ್ತಾ ಹೋದಂತೆ ನನ್ನ ತೋಳ ಅವರ ತೋಳಕ್ಕಿಂತ ಒಂದು ಮೊಳ ಉದ್ದವಾಯಿತು. ಹಳೆಯ ಸ್ಪ್ರಿಂಗು ಬಿಚ್ಚಿಕೊಂಡ ಸದ್ದಿಗೆ ಕೆರೆಯ ಆಚೆ ದಡದ ದನಗಳು ಬೆದರಿ ಓಡಿದವು. ಹುಡುಗ ನಗು ನಿಲ್ಲಿಸಿ ಕೇಳುತ್ತಿದ್ದ.

ತೋಳ ಬಿದ್ದಿತು. ಬೆಂಚಿನ ಮೇಲಿಂದ ಮಾವನವರು ತೊಡೆ ತಟ್ಟಿದರು.

"ಭೇಷ್!" ಎಂದರು.